ಹನ್ನೆರಡು ಅಡಿಯ ಕಂಡಕ್ಟರ್

ಮನುಷ್ಯರಾಗಿ ಆಡ್ರಪ್ಪಾ ಅಂತ ಕೈಮುಗಿದು ಕೇಳಿದರೂ ನಮ್ಮ ಮೇಜಿನ ಸುತ್ತ ಕೂತವರಲ್ಲಿ ಒಬ್ಬರೂ ಒಪ್ಪುವುದಿಲ್ಲ. ಹೀಗಾಗಿ ವಾರಕ್ಕೊಂದು ಫಜೀತಿ ನಮಗೆ ತಪ್ಪಿದ್ದಲ್ಲ.

ನಾನು ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಭಾನುವಾರ ಮಷೀನು ಬಂದ್ ಇರುತ್ತದೆ. ಮಾಲಕರನ್ನು ಕೇಳಿಕೊಂಡು ಮಧ್ಯಾಹ್ನ ಮೂರು ತಾಸು ಅಲ್ಲೇ ಕತೆಯಾಟ ಆಡುತ್ತೇವೆ. ಆಟ ಸರಳ. ನಾನು ಕತೆ ಹೇಳುತ್ತೇನೆ: ಎದುರಿಗೆ ಕೋಟೆ ಇದೆ, ಬಾಗಿಲಲ್ಲಿ ಕಾವಲುಗಾರ ಇದ್ದಾನೆ, ಈಗೇನು ಮಾಡುತ್ತೀರಿ? ಆಡುವವರು ಕತೆಯೊಳಗೆ ಒಬ್ಬೊಬ್ಬರ ಪಾತ್ರ ಹಿಡಿದು ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಪಾತ್ರದ ವಿವರ ಒಂದು ಕಾರ್ಡಿನ ಮೇಲೆ ಇರುತ್ತದೆ. ಉಳಿದದ್ದೆಲ್ಲ ಬಾಯಿಮಾತು.

ಆಡುವವರು ಮೂವರು. ಲಕ್ಷ್ಮೇಶ್ವರದ ದನದ ಡಾಕ್ಟರು, ಕಾಲೇಜಿನಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಈ ಆಟ ಕಲಿತು ನಮಗೆ ಅಂಟಿಸಿದವರು. ಶಿರಹಟ್ಟಿಯ ಸಾಲಿಯಲ್ಲಿ ಕನ್ನಡ ಕಲಿಸುವ ಟೀಚರ್. ಇನ್ನೊಬ್ಬ ಮುಂಡರಗಿ ಗಾಡಿಯ ಕಂಡಕ್ಟರ್, ಒಂದನೇ ಇಯತ್ತೆಯಿಂದ ನನ್ನ ಗೆಳೆಯ. ಮೊದಲ ದಿನ ಆಟದ ನಿಯಮದ ಪುಸ್ತಕದಲ್ಲಿದ್ದ ಪಾತ್ರಗಳನ್ನೆಲ್ಲ ಓದಿ ಹೇಳಿದೆ: ಸೈನಿಕ, ಬಿಲ್ಲುಗಾರ, ವೈದ್ಯ, ಮಂತ್ರವಾದಿ. ಕಂಡಕ್ಟರ್ ಎಲ್ಲ ಕೇಳಿ, ತಾನು ಹನ್ನೆರಡು ಅಡಿ ಎತ್ತರದ ರಾಕ್ಷಸ ಆಗುತ್ತೇನೆ ಅಂದ. ಆಡುವವರು ಮನುಷ್ಯರಾಗಿರಬೇಕು, ರಾಕ್ಷಸರು ಎದುರಾಳಿಗಳು ಅಂತ ತಿಳಿಸಿ ಹೇಳಿದೆ.

"ಮನುಷ್ಯಾ ಆಗಿ ಆರು ದಿನ ಇದ್ದs ಇರ್ತೀನಲ್ಲೋ" ಅಂದ. "ಸೀಟು ಸಿಗಲಿಲ್ಲ ಅಂದ್ರ ನನಗ ಬೈತಾರ, ಗಾಡಿ ತಡಾ ಆದ್ರ ನನಗ ಬೈತಾರ. ಭಾನುವಾರ ಮೂರು ತಾಸು ನನಗ ಯಾರೂ ಎದುರು ಮಾತಾಡಬಾರದು, ಅಷ್ಟs."

ಅವನ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಅಲ್ಲಿಂದ ಶುರುವಾಯಿತು.

ಸಣ್ಣ ಬಾಗಿಲು

ಮೊದಲ ಆಟದಲ್ಲಿ ನಾನು ಹದಿನೈದು ದಿನ ಕೂತು ಕಟ್ಟಿದ್ದ ಡಕಾಯಿತರ ದಂಡನ್ನು ರಾಕ್ಷಸ ಒಂದೇ ಏಟಿಗೆ ಮುಗಿಸಿದ. ಡಾಕ್ಟರಿಗೂ ಟೀಚರಿಗೂ ದಾಳ ಮುಟ್ಟುವ ಪ್ರಸಂಗವೇ ಬರಲಿಲ್ಲ. ಟೀಚರ್ ಕಂದೀಲು ಹಿಡಿದುಕೊಂಡು ನಿಂತದ್ದೇ ಬಂತು. ಏಳುವಾಗ, ಮುಂದಿನ ವಾರ ಪೇಪರ್ ತಿದ್ದುವುದಿದೆ, ಬರಲಾಗುವುದಿಲ್ಲ ಅಂದರು. ಸಾಲಿ ಸುರುವಾಗಿ ಇನ್ನೂ ಎಂಟು ದಿನ ಆಗಿರಲಿಲ್ಲ. ಮೇಜು ಒಡೆಯುವ ಲಕ್ಷಣ ಅಂತ ನನಗೆ ತಿಳಿಯಿತು. ಟೀಚರಿಗೆ ಫೋನ್ ಮಾಡಿ, ಇದೊಂದು ಸಲ ಬರ್ರಿ, ಅವನ ಆಟ ನಡೆಯದ ಹಾಗೆ ಮಾಡುತ್ತೇನೆ ಅಂತ ಮಾತು ಕೊಟ್ಟೆ.

ಮಾಡಿದ್ದು ಇಷ್ಟು. ಕತೆಯನ್ನೆಲ್ಲ ಒಂದು ಗವಿಯೊಳಗೆ ಇಟ್ಟೆ. ಗವಿಯ ಬಾಯಿ ಮೂರು ಅಡಿ. ಒಳಗೆ ನಲವತ್ತು ಕಳ್ಳರು. ಹನ್ನೆರಡು ಅಡಿಯವನು ಹೊರಗೆ ನಿಂತು ಗಾಳಿ ತಿನ್ನಲಿ, ಉಳಿದವರಿಬ್ಬರು ಒಳಗೆ ಹೋಗಿ ಕಾದಾಡಲಿ ಅಂತ ನನ್ನ ಲೆಕ್ಕ.

ಕಂಡಕ್ಟರ್ ಸಿಟ್ಟಾಗಲಿಲ್ಲ. ಒಳಗೆ ಎಷ್ಟು ಮಂದಿ ಇದ್ದಾರೆ ಅಂತ ಕೇಳಿಕೊಂಡ. ಆಮೇಲೆ ಗವಿಯ ಬಾಯಿಗೆ ಮುಖ ಇಟ್ಟಂತೆ ಮುಂದಕ್ಕೆ ಬಾಗಿ, ಇಪ್ಪತ್ತು ವರ್ಷದಿಂದ ಪಳಗಿದ ದನಿಯಲ್ಲಿ, "ಎಲ್ಲಾರೂ ಇಳೀರಿ. ಗಾಡಿ ಮುಂದ ಹೋಗಂಗಿಲ್ಲ" ಅಂದ.

ಆ ದನಿಯನ್ನು ನಾನು ಎಷ್ಟು ಸಲ ಕೇಳಿಲ್ಲ. ಡೋಣಿ ಊರಿನ ಹತ್ತಿರ ಒಮ್ಮೆ ಗಾಡಿ ಕೆಟ್ಟು ನಿಂತಾಗ ಇದೇ ದನಿಗೆ ಮಾತಿಲ್ಲದೆ ಇಳಿದವನು ನಾನು. ಕಳ್ಳರನ್ನು ಆಡಿಸಬೇಕಾದವನೂ ನಾನೇ. ನಲವತ್ತೂ ಜನ ಗಂಟುಮೂಟೆ ಹಿಡಿದು ಸಾಲಾಗಿ ಹೊರಗೆ ಬಂದರು ಅಂತ ಹೇಳಿಬಿಟ್ಟೆ. ಅಷ್ಟಕ್ಕೆ ಬಿಡದೆ, ಕಳ್ಳರ ನಾಯಕನ ಬಾಯಿಂದ, ಮುಂದಿನ ಗಾಡಿ ಎಷ್ಟು ಹೊತ್ತಿಗೆ ಅಂತ ಬೇರೆ ಕೇಳಿಸಿದೆ.

"ಹಿಂದ ಖಾಲಿ ಗಾಡಿ ಬರಾಕತ್ತೈತಿ" ಅಂದು ರಾಕ್ಷಸ ಗದೆ ಎತ್ತಿದ.

ಒಂದು ಅಕ್ಷರ

ಬಾಗಿಲಿನಿಂದ ಕೆಲಸ ಆಗದು ಅಂತ ಗೊತ್ತಾದ ಮೇಲೆ ಡಾಕ್ಟರು ಒಂದು ಸಲಹೆ ಕೊಟ್ಟರು. ಎಂಥ ದೊಡ್ಡ ಪ್ರಾಣಿಗೂ ಒಂದು ದುರ್ಬಲ ಜಾಗ ಇರುತ್ತದೆ, ಅಷ್ಟೆತ್ತರದ ಕುದುರೆ ಹೊಟ್ಟೆನೋವಿಗೆ ಸಾಯುತ್ತದೆ, ರಾಕ್ಷಸನಿಗೂ ಅಂಥದ್ದೊಂದು ಇಡಿರಿ ಅಂದರು. ಬೆಳ್ಳಿ ಇಡೋಣ ಅಂದೆ. ಬೆಳ್ಳಿ ತಾಗಿದರೆ ಅವನ ಕೈಕಾಲಿನ ಶಕ್ತಿ ಒಂದು ದಿನ ಉಡುಗಿ ಹೋಗಬೇಕು. ಕಂಡಕ್ಟರೂ ದೊಡ್ಡ ಮನಸ್ಸು ಮಾಡಿ ಒಪ್ಪಿದ. ಕತೆಯ ಕಾಡುಮೇಡಿನಲ್ಲಿ ಬೆಳ್ಳಿ ಯಾರ ಹತ್ತಿರ ಇರುತ್ತದೆ ಅಂತ ಅವನ ಧೈರ್ಯ.

ಅವನಿಗೊಂದು ಹೊಸ ಕಾರ್ಡು ನಮ್ಮ ಪ್ರೆಸ್ಸಿನಲ್ಲೇ ಅಚ್ಚು ಮಾಡಿದೆ. ಲಗ್ನಪತ್ರಿಕೆಗೆ ಹಾಕುವ ದಪ್ಪ ಕಾಗದ, ಸುತ್ತ ಬಳ್ಳಿಯ ಅಂಚು, ನಡುವೆ ಚಂದದ ಅಕ್ಷರ. ಭಾನುವಾರ ಅದನ್ನು ಟೀಚರ್ ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿದರು: "ಬಳ್ಳಿ ತಾಗಿದರೆ ಕೈಕಾಲಿನ ಶಕ್ತಿ ಒಂದು ದಿನ ಉಡುಗಿ ಹೋಗುತ್ತದೆ."

ಹತ್ತೊಂಬತ್ತು ವರ್ಷದಿಂದ ಮಂದಿಯ ತಪ್ಪು ತಿದ್ದಿ ಅನ್ನ ತಿನ್ನುತ್ತಿರುವವನು ನಾನು. ಅದು ಬೆಳ್ಳಿ, ಅಚ್ಚಿನ ತಪ್ಪು ಅಂತ ತಡವರಿಸಿದೆ. ಟೀಚರ್ ಕಾರ್ಡು ಬಿಟ್ಟುಕೊಡಲಿಲ್ಲ.

"ಪುಸ್ತಕದಾಗ ತಪ್ಪು ಐತಿ ಅಂತ ನಾ ಹೇಳಿದ್ರ ನಮ್ಮ ಹುಡುಗರು ಕೇಳಂಗಿಲ್ರಿ ಸರ್" ಅಂದರು. "ಅಚ್ಚಾತು ಅಂದ್ರ ಆತು."

ಆಮೇಲೆ ಅವರು ದಂಡನ್ನು ನಡೆಸಿದ ದಾರಿಯನ್ನು ನೆನೆಸಿಕೊಂಡರೆ ಈಗಲೂ ಅಂಜಿಕೆ ಬರುತ್ತದೆ. ಕೋಟೆಗೆ ಹೋಗಲು ಹೆದ್ದಾರಿ ಇತ್ತು. ಅದನ್ನು ಬಿಟ್ಟು ಹೊಲಗಳ ಒಡ್ಡು ಹಿಡಿದರು. ಸೌತಿ ಬಳ್ಳಿ, ಹೀರಿ ಬಳ್ಳಿ, ಕುಂಬಳ ಬಳ್ಳಿ. ಹತ್ತು ಹೆಜ್ಜೆಗೆ ರಾಕ್ಷಸನ ಮೊಣಕಾಲು ಮಡಚಿತು, ಇಪ್ಪತ್ತಕ್ಕೆ ಅಂಗಾತ ಬಿದ್ದ. ಅವನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಹೋಗಿ ಡಾಕ್ಟರು, ಟೀಚರ್ ಇಬ್ಬರೇ ಕೋಟೆ ಗೆದ್ದರು. ಕಂಡಕ್ಟರ್ ಮೂರು ತಾಸು ಚಕ್ಕಡಿಯಲ್ಲಿ ಮಲಗಿದವನು ಎಲ್ಲರಿಗೂ ತಂದಿದ್ದ ಮಿರ್ಚಿ ಭಜಿಯನ್ನು ಒಬ್ಬನೇ ತಿಂದು ಮುಗಿಸಿದ.

ಮರುದಿನ ಮುಂಜಾನೆ ಅವನ ಹೆಂಡತಿ ಫೋನ್ ಮಾಡಿದಳು. "ಅಣ್ಣಾರ, ನಿಮ್ಮಲ್ಲಿ ಏನರ ಆತೇನ್ರಿ?" ಅಂದಳು. "ನಿನ್ನೆ ಮನಿಗೆ ಬಂದವ್ರು ಕೈಕಾಲ ಮಾರಿ ಸುದ್ದಾ ತೊಳೀಲಿಲ್ಲ. ಸೀದಾ ಹಿತ್ತಲಕ್ಕ ಹೋಗಿ ಹೀರಿ ಬಳ್ಳಿ ಕಿತ್ತು ಒಗದ್ರು."

ಬರ್ರಿ, ಕುಂಡ್ರಿ

ಆಕೆಯ ಹಿತ್ತಲು ಇನ್ನೂ ಹಾಳಾಗಬಾರದೆಂದು ಕಾರ್ಡಿನ ಬಳ್ಳಿಯನ್ನು ತಿದ್ದಿ ಬೆಳ್ಳಿ ಮಾಡಿದೆ. ಆದರೆ ಅಷ್ಟರಲ್ಲಿ ಟೀಚರಿಗೆ ರುಚಿ ಹತ್ತಿತ್ತು. ರಾಕ್ಷಸನ ಜೋಡಿ ಮನುಷ್ಯಳಾಗಿ ಆಡುವುದು ಸಾಕು, ತನಗೂ ಒಂದು ಭಯಂಕರ ಪಾತ್ರ ಬೇಕು ಅಂದರು. ಪುಸ್ತಕ ತಿರುವಿ, ಮಂದಿಯ ರಕ್ತ ಕುಡಿಯುವ ದೆವ್ವವನ್ನು ಆರಿಸಿದರು.

ಅದರ ಶಕ್ತಿಗಳನ್ನು ಒಂದೊಂದಾಗಿ ಓದಿದೆ. ಹಾರುತ್ತದೆ, ಮಾಯವಾಗುತ್ತದೆ, ಸಾಯುವುದಿಲ್ಲ. ಕೊನೆಗೆ ಒಂದು ಸಾಲು ಕಂಡು ಜೀವ ಬಂತು: ಮನೆಯವರು ಬಾಯಿಬಿಟ್ಟು ಒಳಗೆ ಕರೆಯದೆ ಈ ದೆವ್ವ ಯಾರ ಹೊಸ್ತಿಲನ್ನೂ ದಾಟುವಂತಿಲ್ಲ. ಇಷ್ಟು ಸಾಕಿತ್ತು. ದೆವ್ವವನ್ನು ಯಾವ ಮೂರ್ಖ ಕರೆಯುತ್ತಾನೆ? ಮುನ್ನೂರು ಮನೆಯ ಒಂದು ಊರು ಕಟ್ಟಿ, ಎಲ್ಲರನ್ನೂ ಒಳಗೆ ಕೂಡಿಸಿ, ನಿಶ್ಚಿಂತೆಯಿಂದ ಕೂತೆ.

ಟೀಚರ್ ಮೊದಲನೇ ಮನೆಯ ಬಾಗಿಲಿಗೆ ಹೋಗಿ, "ಯಾರರ ಅದೀರೇನ್ರಿ?" ಅಂದರು. ಮನೆಯ ಮುದುಕಿ ನಾನೇ. "ಯಾರವಾ? ಹೊರಗ ಯಾಕ ನಿಂತಿ, ಬಾ" ಅಂದದ್ದು ನನ್ನ ಬಾಯಿ, ನಾನಲ್ಲ. ಮುದುಕಿ ಹೋದಳು.

ಎರಡನೇ ಮನೆಯಲ್ಲಿ ಬೇಕಂತಲೇ ಒಬ್ಬ ಸಿಡುಕನನ್ನು ಇಟ್ಟೆ. ಯಾರೂ ಇಲ್ಲ ಹೋಗು ಅಂತ ಅವನು ಗದರಿಸಿದ. ಟೀಚರ್ ಒಂದು ತಂಬಿಗೆ ನೀರು ಕೇಳಿದರು. ಬರೀ ನೀರು ಹೇಗೆ ಕೊಡುವುದು, ಬಂದು ಕೂಡ್ರು, ಚಾ ಮಾಡಿಸುತ್ತೇನೆ ಅಂದ ಸಿಡುಕ. ಅವನೂ ಹೋದ. ಹೀಗೆ ಒಂದು ಓಣಿ ಪೂರ್ತಿ ಖಾಲಿಯಾಯಿತು. ಡಾಕ್ಟರು ನನ್ನ ಕಾಲು ತುಳಿದರು, ಕಂಡಕ್ಟರ್ ತೊಡೆ ಚಿವುಟಿದ. ನನಗೂ ಗೊತ್ತಾಗುತ್ತಿತ್ತು. ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಲು ನಾಲಿಗೆಯೇ ಹೊರಳುತ್ತಿರಲಿಲ್ಲ.

ಓಣಿ ದಾಟಿದರೆ ಊರ ಗೌಡರ ವಾಡೆ. ಹಲ್ಲು ಕಚ್ಚಿ ಕೂತೆ. ಟೀಚರ್ ಏನೇ ಕೇಳಿದರೂ ಗೌಡರಿಂದ ಇಲ್ಲ, ಆಗುವುದಿಲ್ಲ, ಇವೆರಡೇ ಮಾತು. ಟೀಚರ್ ಸೋತವರಂತೆ ಉಸಿರುಬಿಟ್ಟು, ಕುರ್ಚಿಯಿಂದ ಎದ್ದು, ವ್ಯಾನಿಟಿ ಬ್ಯಾಗು ಹೆಗಲಿಗೆ ಹಾಕಿಕೊಂಡು, ಆತ್ರಿ ಹಂಗಾರ, ನಾ ಬರ್ತೀನಿ ಅಂದರು.

"ಅಯ್ಯ, ಹಂಗ ಹೆಂಗ ಹೋಗ್ತೀರಿ, ಒಳಗ ಬರ್ರಿ, ಊಟಾ ಮಾಡ್ಕೊಂಡು ಹೋಗ್ರಿ" ಅಂದೆ.

"ಊಟಕ್ಕs ಬಂದೀನ್ರಿ" ಅಂದರು ಟೀಚರ್.

ಡಾಕ್ಟರ ಹಾವು

ಇಬ್ಬರು ಹೋದ ದಾರಿಗೆ ಡಾಕ್ಟರೂ ಹೋದರು. ರೆಕ್ಕೆ ಇರುವ, ಬೆಂಕಿ ಉಗುಳುವ ಹಾವು ಅವರದು. ಅದನ್ನು ಹತೋಟಿಯಲ್ಲಿಡುವುದು ಹೇಗೆ ಅಂತ ನಾನು ಒಂದು ವಾರ ನಿದ್ದೆಗೆಟ್ಟೆ. ನಿದ್ದೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಡಾಕ್ಟರೇ ಅದಕ್ಕೆ ಮೇವಿನ ಚೀಟಿ ಬರೆದರು. ಉಂಡ ಮೇಲೆ ಎರಡು ತಾಸು ಹಾರಿಸುವಂತಿಲ್ಲ. ಬೆಂಕಿ ಉಗುಳಿದ ಮೇಲೆ ಒಮ್ಮೆಲೇ ತಣ್ಣೀರು ಕುಡಿಸುವಂತಿಲ್ಲ. ಹೊಟ್ಟೆ ಉಬ್ಬರಿಸಿದ್ದರೆ ಆ ದಿನ ಯುದ್ಧವೇ ಇಲ್ಲ. ವೈರಿಗಳು ಸುತ್ತುಗಟ್ಟಿ ನಿಂತಾಗ ಇವರು ಹಾವಿನ ಜ್ವರ ನೋಡುತ್ತಿದ್ದರು.

ಹಾಗೆ ನೋಡುತ್ತಿರುವಾಗಲೇ ಲಕ್ಷ್ಮೇಶ್ವರದ ಕಡೆಯ ಒಬ್ಬ ರೈತನ ಫೋನ್ ಬಂತು. ಆಕಳು ಮುಂಜಾನೆಯಿಂದ ಮೇವು ಮುಟ್ಟಿಲ್ಲವಂತೆ. ಡಾಕ್ಟರು ಕಣ್ಣು ಕಾರ್ಡಿನ ಮೇಲೆಯೇ ಇಟ್ಟು, ಸೆಗಣಿ ಹೇಗಿದೆ, ಮೆಲುಕು ಹಾಕುತ್ತದೆಯೇ ಅಂತ ಒಂದೊಂದಾಗಿ ಕೇಳಿ, ಅದೇ ಉಸಿರಿನಲ್ಲಿ, "ಬೆಂಕಿ ಉಗಳತೈತೇನು?" ಅಂದರು.

ಫೋನ್ ಸ್ಪೀಕರಿನ ಮೇಲಿತ್ತು.

"ಇಲ್ರಿ ಸಾಹೇಬ್ರ" ಅಂದ ರೈತ, "ಅಲ್ಲೀತನಾ ಇನ್ನೂ ಹೋಗಿಲ್ರಿ."

ಕಾಲು ತೊಳೆದದ್ದು

ಮೂವರೂ ಹೀಗಾದ ಮೇಲೆ ಜಗಳ ಆಗದೆ ಇರುತ್ತದೆಯೇ? ಒಂದು ಭಾನುವಾರ ರಾಕ್ಷಸ ಒಂದು ಊರನ್ನು ತುಳಿಯುತ್ತೇನೆ ಅಂದ. ಆ ಊರು ತನ್ನ ಊಟದ ಬುತ್ತಿ, ಮುಟ್ಟಬಾರದು ಅಂದರು ಟೀಚರ್. ಮೊದಮೊದಲು ಆಟದ ಮಾತೇ ಆಗಿತ್ತು. ಬರಬರುತ್ತ ದನಿ ಏರಿತು. ಯಾವಾಗಲೂ ನಿಮ್ಮದೇ ನಡೆಯಬೇಕು ಅಂದರು ಇವರು. ಇಲ್ಲಿಯೂ ಬೈಸಿಕೊಳ್ಳುವುದಾದರೆ ಭಾನುವಾರ ಡ್ಯೂಟಿಗೇ ಹೋಗುತ್ತೇನೆ ಅಂದ ಅವನು. ಟೀಚರ್ ಬ್ಯಾಗು ತೆಗೆದುಕೊಂಡರು. ಈ ಸಲ ನಾಟಕ ಆಗಿರಲಿಲ್ಲ. ನಾನು ದಾಳ ಡಬ್ಬಿಗೆ ಹಾಕತೊಡಗಿದೆ. ಇಷ್ಟು ದಿನದ ಆಟ ಇವತ್ತಿಗೆ ಮುಗಿಯಿತು ಅಂದುಕೊಂಡೆ.

ಪ್ರೆಸ್ಸಿನ ಹಿಂದೆಯೇ ಮಾಲಕರ ಮನೆ. ಅವರ ತಾಯಿ, ಎಂಬತ್ತು ದಾಟಿದ ಅಜ್ಜಿ, ಗದ್ದಲ ಕೇಳಿ ಮೊರದಲ್ಲಿ ಶೇಂಗಾ ಹಿಡಿದುಕೊಂಡೇ ಬಂದರು. ಏನಾಯಿತೆಂದು ಕೇಳಿದರು. ಇವನು ಹನ್ನೆರಡು ಅಡಿ ರಾಕ್ಷಸ, ಊರು ತುಳಿಯುತ್ತಾನಂತೆ, ತಡೆಯುವವರು ಯಾರೂ ಇಲ್ಲ ಅಂತ ಹೇಳಿದೆ. ಅಜ್ಜಿ ಶೇಂಗಾ ಒಡೆಯುತ್ತ ವಿಚಾರ ಮಾಡಿದರು.

"ಅವಗ ಅವ್ವ ಇಲ್ಲೇನು?" ಅಂದರು.

ಪುಸ್ತಕದಲ್ಲಿ ಆ ಬಗ್ಗೆ ಏನೂ ಇರಲಿಲ್ಲ. ಇರಲೇಬೇಕು, ಆಕಾಶದಿಂದ ಉದುರಿರುವುದಿಲ್ಲ ಅಂದರು ಡಾಕ್ಟರು. ಹಂಗಾರ ನಾನು ಅವ್ವ ಅಂತ ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು. ಬಾಗಿಲಿನ ಹತ್ತಿರ ಹೋಗಿದ್ದ ಟೀಚರ್ ಅಲ್ಲೇ ನಿಂತರು.

ಕಂಡಕ್ಟರಿಗೆ ನಗು ಬಂತು. ಗದೆ ಎತ್ತಿ ಊರ ಕಡೆ ಹೊರಟೆ ಅಂದ.

"ಎಲ್ಲಿಗೆ ಹೊಂಟಿ?" ಅಂದರು ಅಜ್ಜಿ.

"ಊರು ತುಳ್ಯಾಕ್ರಿ."

"ಉಂಡಿ?"

ಇನ್ನೂ ಇಲ್ಲ ಅಂದ ರಾಕ್ಷಸ. ಉಣ್ಣದೆ ಊರು ತುಳಿಯಲು ಹೊರಟವನನ್ನು ಅಜ್ಜಿ ಅಡಿಯಿಂದ ಮುಡಿತನಕ ನೋಡಿದರು. ಆ ಬಡಿಗಿ ಹೊರಗ ಇಟ್ಟು ಬಾ, ಕಾಲು ತೊಳಕೊ ಅಂದರು.

ಇದು ನ್ಯಾಯ ಅಲ್ಲ, ದಾಳ ಹಾಕಿ ತೀರ್ಮಾನ ಆಗಲಿ ಅಂತ ಕಂಡಕ್ಟರ್ ನನ್ನ ಕಡೆ ತಿರುಗಿದ. ಡಬ್ಬಿಯಿಂದ ದಾಳ ತೆಗೆದುಕೊಟ್ಟೆ. ಅವನು ಎರಡೂ ಕೈಯಲ್ಲಿ ಕುಲುಕಿ ಎಸೆದ. ಇಪ್ಪತ್ತು ಬಿತ್ತು. ಅದಕ್ಕಿಂತ ದೊಡ್ಡ ಅಂಕಿ ಈ ಆಟದಲ್ಲೇ ಇಲ್ಲ. ನಾನು ಅಜ್ಜಿಗೆ ಮೆಲ್ಲಗೆ, ನೀವು ಸೋತಿರಿ ಅಂತ ಹೇಳಿದೆ.

ಅಜ್ಜಿ ದಾಳವನ್ನು ಶೇಂಗಾ ಸಿಪ್ಪೆಯ ಹಾಗೆ ಒಂದು ಬೆರಳಿನಿಂದ ಆಚೆ ಸರಿಸಿದರು.

"ಇಪ್ಪತ್ತರ ಬೀಳಲಿ, ನೂರರ ಬೀಳಲಿ. ಕಾಲು ತೊಳಕೊ ಅಂದೆ."

ನಲವತ್ತೆಂಟು ವರ್ಷದ, ತುಂಬಿದ ಮುಂಡರಗಿ ಗಾಡಿಯನ್ನು ಒಂದೇ ಸೀಟಿ ಊದಿ ನಿಲ್ಲಿಸುವ ನನ್ನ ಗೆಳೆಯ ಎದ್ದ. ಆಟದಲ್ಲಿ ಅಲ್ಲ, ಖರೇನೇ ಎದ್ದ. ಅಂಗಳದ ನಳದ ಹತ್ತಿರ ಹೋಗಿ ಪ್ಯಾಂಟು ಮಡಚಿ ಎರಡೂ ಕಾಲು ತೊಳೆದುಕೊಂಡ. ಹಿಂದೆ ನೋಡಿದರೆ ಡಾಕ್ಟರು, ಯಾರೂ ಏನೂ ಹೇಳದಿದ್ದರೂ, ಚಪ್ಪಲಿ ಬಿಟ್ಟು ಪಾಳಿಗೆ ನಿಂತಿದ್ದರು.

ಅಜ್ಜಿ ಬಾಗಿಲ ಕಡೆ ತಿರುಗಿದರು. "ನಿಂದೇನವಾ? ನೀ ಏನಾಗೀದಿ?"

ಟೀಚರ್ ತಮ್ಮ ದೆವ್ವದ ಕಾರ್ಡನ್ನು ಬೆನ್ನ ಹಿಂದೆ ಹಿಡಿದುಕೊಂಡರು.

"ನಾ ಏನೂ ಆಗಿಲ್ರಿ ಅಜ್ಜಿ" ಅಂದರು. "ನೋಡಾಕ ಬಂದೀನಿ."