ಆರು ಅಂಗಡಿ, ಒಂದು ದೋಣಿ, ಒಂದು ಡಬ್ಬಿ

ಜನರಿಗೆ ತಿನ್ನಿಸಿ ಬದುಕುವವರು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ವಾರಕ್ಕೊಂದಾದರೂ ತಾನಾಗಿಯೇ ಬಂದು ಕಾಲಿಗೆ ತೊಡರಿಕೊಳ್ಳುತ್ತದೆ.

ಮನಾಮದ ಹಳೇ ಪೇಟೆಯಲ್ಲಿ ಆರು ಅಂಗಡಿ ಸುತ್ತಿಸಿ, ಒಂದೊಂದರಲ್ಲೂ ಒಂದು ತುತ್ತು ರುಚಿ ತೋರಿಸಿ, ಕೊನೆಗೆ ದೋಣಿ ಹತ್ತಿಸಿ ಒಂದು ಗಂಟೆ ಸಮುದ್ರದಲ್ಲಿ ತಿರುಗಿಸಿ ತರುವುದು ನನ್ನ ಕೆಲಸ. ಬಹರೈನಿಗೆ ಬಂದ ಹೊಸತರಲ್ಲಿ ಮೀನಾ ಸಲ್ಮಾನ್ ಬಂದರಿನ ಒಂದು ಕ್ಯಾಟರಿಂಗ್ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ನನ್ನ ಶಾಲೆ ಏಳನೇ ಕ್ಲಾಸಿಗೆ ನಿಂತಿತ್ತು, ಓದು ನಿಲ್ಲಲಿಲ್ಲ. ಸಾಮಾನು ಕಟ್ಟಿದ ಪೇಪರಿನಿಂದ ಹಿಡಿದು ಹಡಗಿನವರು ಬಿಟ್ಟುಹೋದ ಪುಸ್ತಕದವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಈ ಪೇಟೆಯ ಯಾವ ಓಣಿಯಲ್ಲಿ ಹಿಂದೆ ಏನಿತ್ತು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ನನಗೆ ಕೆಲಸ ಕೊಟ್ಟ ಟೂರ್ ಕಂಪನಿಯ ಮುಖ್ಯ ಕಚೇರಿ ಇರುವುದು ಯುರೋಪಿನಲ್ಲಿ, ರಸ್ತೆಗಿಂತ ಕಾಲುವೆಗಳೇ ಹೆಚ್ಚಿರುವ ಒಂದು ಊರಿನಲ್ಲಿ. ಅಲ್ಲಿ ಇಂಥ ತಿಂಡಿ ನಡಿಗೆ ನಡೆಸಿ ಹೆಸರು ಮಾಡಿ, ಈಗ ಇಲ್ಲಿಗೂ ಬಂದಿದ್ದರು. ಇಲ್ಲಿನ ಮ್ಯಾನೇಜರ್ ನನ್ನನ್ನು ಕೂರಿಸಿ, "ಎಲ್ಲಿ ಓದಿದ್ದು?" ಅಂತ ಕೇಳಿದರು.

"ಬೆಲ್ಲ ಕಟ್ಟಿದ ಪೇಪರಿನಲ್ಲಿ" ಅಂದೆ.

ಅವರು ನಗಲಿಲ್ಲ. "ಮೂರು ತಿಂಗಳು ನೋಡುತ್ತೇವೆ. ಆಮೇಲೆ ಮುಖ್ಯ ಕಚೇರಿಯ ಮೇಡಂ ಒಬ್ಬರು ಗುರುತು ಹೇಳದೆ ನಿಮ್ಮ ಗುಂಪಿನಲ್ಲಿ ಸೇರಿಕೊಂಡು ನಡೆಯುತ್ತಾರೆ. ಅವರು ಒಪ್ಪಿದರೆ ಚಳಿಗಾಲದ ಗುಂಪುಗಳೆಲ್ಲ ನಿಮಗೇ. ಒಪ್ಪದಿದ್ದರೆ ಡಿಗ್ರಿ ಮಾಡಿದ ಗೈಡ್ ಒಬ್ಬರು ಕಾಯುತ್ತಿದ್ದಾರೆ" ಅಂದು, ಹನ್ನೆರಡು ನಿಯಮಗಳ ಒಂದು ಹಾಳೆ ಕೈಗಿಟ್ಟರು.

ಡಿಗ್ರಿ ಅನ್ನುವ ಮಾತು ಚುಚ್ಚಿತು. ಹನ್ನೆರಡು ನಿಯಮವನ್ನೂ ಬಾಯಿಪಾಠ ಮಾಡಿದೆ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

೧. ಒಮ್ಮೆ ಮಾತ್ರ ಕೇಳಿ

ನಾಲ್ಕನೇ ನಿಯಮ ಹೀಗಿತ್ತು: ಅತಿಥಿಗೆ ಏನನ್ನೇ ಆದರೂ ಒಮ್ಮೆ ಮಾತ್ರ ಕೇಳಿ; ಬೇಡ ಅಂದರೆ ಒತ್ತಾಯ ಮಾಡಬೇಡಿ, ಒತ್ತಾಯ ಅಸಭ್ಯತೆ.

ಮೊದಲ ಕನ್ನಡದ ಗುಂಪು ಬಂತು. ಎಂಟು ಜನ, ಎಲ್ಲರೂ ನಮ್ಮ ಕರಾವಳಿಯವರೇ. ಹಲ್ವದ ಅಂಗಡಿಯಲ್ಲಿ ತಾಮ್ರದ ಬಾಣಲೆಯಿಂದ ಬಿಸಿಬಿಸಿ ಕೇಸರಿ ಹಲ್ವ ಚಮಚದಲ್ಲಿ ಎತ್ತಿ, "ತಗೊಳ್ಳಿ" ಅಂದೆ.

"ಅಯ್ಯೋ, ಬೇಡ ಬೇಡ" ಅಂದರು ಎಂಟೂ ಜನ.

ಸರಿ, ಮುಂದಿನ ಅಂಗಡಿ. ಅಲ್ಲಿ ಸಂಬೂಸ, ಅಂದರೆ ಇಲ್ಲಿಯವರ ಸಮೋಸ. "ಬೇಡ ಬೇಡ, ಈಗ ಅಷ್ಟೇ ತಿಂದದ್ದು." ಅದರ ಮುಂದಿನದು ಕಡಲೆಕಾಳಿನ ಅಂಗಡಿ. "ನಮಗೆಂತಕ್ಕೆ, ಸುಮ್ಮನೆ ನಿಮಗೆ ತೊಂದರೆ." ಆರು ಅಂಗಡಿ ಮುಗಿಯಿತು. ಇಷ್ಟು ಮಿತವಾಗಿ ತಿನ್ನುವವರೂ ಇದ್ದಾರಲ್ಲ ಅಂತ ನನಗೆ ಗೌರವವೇ ಬಂತು. ದೋಣಿಯಿಂದ ಇಳಿದ ಮೇಲೆ ಒಬ್ಬರು ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು.

"ಎಂಥ ಜನ ಮಾರಾಯ್ತಿ ನೀವು! ಬಾಯಿಮಾತಿಗೆ ಕೇಳಿದ್ದು ಬಿಟ್ರೆ ಕೊಡುವ ಮನಸ್ಸೇ ಇರ್ಲಿಲ್ಲ."

"ನೀವೇ ಬೇಡ ಅಂದ್ರಲ್ಲ ಅಕ್ಕ?"

"ಮೊದಲನೇ ಸಲ ಬೇಡ ಅನ್ನದೆ ಮತ್ತೆಂತ ಹೇಳುದು? ನಾವೆಂತ ಬರಗೆಟ್ಟವರಾ?"

ಅಭಿಪ್ರಾಯದ ಚೀಟಿಯಲ್ಲಿ ಆ ಅಕ್ಕ ಬರೆದದ್ದು ಎರಡೇ ಸಾಲು: "ತಿಂಡಿಗಳು ನೋಡಲು ಬಹಳ ಚೆನ್ನಾಗಿದ್ದವು. ರುಚಿ ಗೊತ್ತಿಲ್ಲ."

೨. ಬುತ್ತಿ ತಂದವರು

ಆಮೇಲೆ ನಮ್ಮವರಿಗೆ ಮೂರು ಸಲ, ಬೇರೆಯವರಿಗೆ ಒಂದು ಸಲ ಅಂತ ನಾನೇ ತಿದ್ದುಪಡಿ ಮಾಡಿಕೊಂಡೆ. ಆದರೆ ಒಂಬತ್ತನೇ ನಿಯಮವನ್ನು ಬಿಟ್ಟುಕೊಡಲಿಲ್ಲ: ಹೊರಗಿನ ಆಹಾರ ತರುವಂತಿಲ್ಲ.

ಈಸಾ ಟೌನಿನಿಂದ ಒಬ್ಬ ಎಂಜಿನಿಯರ್ ಬಂದರು. ಜೊತೆಗೆ ಹೆಂಡತಿ, ಮತ್ತೆ ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವರ ತಾಯಿ. ಆ ಅಜ್ಜಿ ಮನೆಯಿಂದ ಹೊರಡುವಾಗಲೇ ದೋಸೆ ತಿಂದು, ತಿನ್ನಿಸಿ ಕರೆತಂದಿದ್ದರು. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಸಂಬೂಸದ ಅಂಗಡಿಯ ಎದುರು ನಿಂತು ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಒಳಗೆ ಪುಳಿಯೋಗರೆ!

"ಅಜ್ಜಿ, ತಿಂಡಿ ತಿನ್ನಲಿಕ್ಕೆ ಬರುವಾಗ ತಿಂಡಿ ಕಟ್ಟಿಕೊಂಡು ಬರುವುದಾ?"

"ಹೊರಗಡೆ ಏನು ಸಿಗುತ್ತೋ ಏನು ಇಲ್ವೋ ಅಂತ ತಂದೆ ಕಣಮ್ಮ."

"ಹೊರಗಡೆ ಸಿಗುವುದನ್ನು ತಿನ್ನುವುದೇ ಇಲ್ಲಿಯ ಕಾರ್ಯಕ್ರಮ!"

"ಅದನ್ನೂ ತಿಂತೀವಿ. ಇದು ಇರ್ಲಿ, ಧೈರ್ಯಕ್ಕೆ."

ನನಗೆ ಅವಮಾನವಾದಂತಾಯಿತು. ಊರಿಡೀ ಅಲೆದು ಆರಿಸಿದ ಆರು ಅಂಗಡಿ, ಅದರ ಎದುರಿಗೇ ಮನೆಯ ಡಬ್ಬಿ! "ಡಬ್ಬಿ ಇದ್ದವರಿಗೆ ದೋಣಿ ಇಲ್ಲ" ಅಂದೆ. "ಹಾಗಾದ್ರೆ ನನಗೆ ದೋಣಿ ಬೇಡ" ಅಂದರು ಅಜ್ಜಿ. ಮಗ ಅತ್ತ ನೋಡಿದರು, ಸೊಸೆ ಇತ್ತ ನೋಡಿದರು. ನಾನು ಸೋಲಲಿಲ್ಲ, ಅವರೂ ಸೋಲಲಿಲ್ಲ. ಮೂವರೂ ಮನೆಗೆ ಹೊರಟರು.

ಅಷ್ಟರಲ್ಲಿ ಸಂಬೂಸದ ಅಂಗಡಿಯವನು ಬೆರಳು ನೆಕ್ಕುತ್ತಾ ಬಂದ. ನಮ್ಮ ಜಗಳದ ನಡುವೆ ಅಜ್ಜಿ ಅವನ ಕೈಗೂ ಒಂದು ಹಿಡಿ ಹಾಕಿದ್ದರು.

"ಸಿಸ್ಟರ್, ಇದು ನಿನ್ನ ಎಷ್ಟನೇ ಅಂಗಡಿಯದ್ದು?" ಅಂದ. "ನಾಳೆಯಿಂದ ನನ್ನನ್ನು ಅದಕ್ಕಿಂತ ಮೊದಲೇ ಇಡು. ಅದನ್ನು ತಿಂದು ಬಂದವರು ನನ್ನದನ್ನು ಮುಟ್ಟುವುದಿಲ್ಲ."

೩. ರಜೆಯ ದಿನ

ನಾಲ್ಕನೇ ಅಂಗಡಿ ರೊಟ್ಟಿಯದ್ದು. ಕುಲುಮೆಯಂಥ ಒಲೆಯಿಂದ ತೆಗೆದ ರೊಟ್ಟಿಗೆ ಮಹ್ಯಾವಾ ಸವರಿ ಕೊಡುತ್ತಾರೆ. ಮೀನನ್ನು ಉಪ್ಪು, ಸಾಸಿವೆ ಹಾಕಿ ಬಿಸಿಲಿನಲ್ಲಿ ಹುಳಿ ಬರಿಸಿ ತೆಗೆದ ರಸ ಅದು. ಅದರ ಪರಿಮಳಕ್ಕೆ ಅರ್ಧ ಗುಂಪು ಎರಡು ಹೆಜ್ಜೆ ಹಿಂದೆ ಹೋಗುವುದು ವಾಡಿಕೆ.

ಒಂದು ಶುಕ್ರವಾರ ಸಿತ್ರಾದಿಂದ ನಮ್ಮ ಮಂಗಳೂರು ಕಡೆಯ ಗಂಡಹೆಂಡತಿ ಬಂದಿದ್ದರು. ಹೆಂಡತಿ ನರ್ಸು. ಒಂದು ತುತ್ತು ಬಾಯಿಗಿಟ್ಟವರೇ ಕಣ್ಣು ಮುಚ್ಚಿದರು. ನಾನು ನೀರಿನ ಬಾಟಲಿಗೆ ಕೈ ಹಾಕಿದೆ.

"ಇದು ನಮ್ಮ ಮನೆಯ ಒಣಮೀನು ಚಟ್ನಿಯ ತಂಗಿ! ಆದ್ರೆ ಖಾರ ಸಾಲದು ಮಾರಾಯ್ರೆ. ಹಸಿಮೆಣಸು, ಈರುಳ್ಳಿ ಕೊಚ್ಚಿ ಹಾಕ್ಬೇಕು" ಅಂದರು.

ರೊಟ್ಟಿಯವನಿಗೆ ನಾನು ಹಿಂದಿಯಲ್ಲಿ ಹೇಳಿದೆ. ಅವನಿಗೂ ಹಠ. "ಹಾಗಾದರೆ ಮಾಡಿ ತೋರಿಸಲಿ" ಅಂದ. ನರ್ಸಮ್ಮ ದುಪಟ್ಟಾ ಸೊಂಟಕ್ಕೆ ಬಿಗಿದು ಒಳಗೆ ನುಗ್ಗಿದರು. ಹತ್ತು ನಿಮಿಷದಲ್ಲಿ ಅಂಗಡಿಯ ಎದುರು ಸಾಲು ನಿಂತಿತು. ನಾನು ಉಳಿದವರನ್ನು ಕರೆದುಕೊಂಡು ಮುಂದಿನ ಅಂಗಡಿ ಮುಗಿಸಿ ಬಂದರೂ ಅವರು ಈರುಳ್ಳಿ ಕೊಚ್ಚುತ್ತಲೇ ಇದ್ದರು. ಗಂಡ ಕೈಕಟ್ಟಿಕೊಂಡು ಹೊರಗೆ ನಿಂತಿದ್ದರು.

"ಕರೀರಿ ಸರ್, ದೋಣಿಗೆ ಹೊತ್ತಾಯಿತು" ಅಂದೆ.

"ಕರೆಯುವುದು ಆಮೇಲೆ. ಮೊದಲು ಒಂದು ಫೋಟೋ ತೆಗೀತೇನೆ" ಅಂದರು. "ರಜೆಯ ದಿನ ಕೈ ನೋವು, ಸೊಂಟ ನೋವು ಅಂತ ನನ್ನ ಹತ್ತಿರ ಅಡುಗೆ ಮಾಡಿಸುವವಳು ಇವಳೇ ಅಂತ ಸಾಕ್ಷಿ ಬೇಕಲ್ಲ."

೪. ದಾರಿ ಹೇಳುವ ಫೋನು

ನಮ್ಮ ದೋಣಿಯ ಯಜಮಾನರು ಮುಹರ್ರಕಿನ ಹಿರಿಯರು. ದೋಣಿ ನಡೆಸುವವರನ್ನು ಇಲ್ಲಿ ನಾಖುದಾ ಅನ್ನುತ್ತಾರೆ. ಹಿಂದಿ ನನಗಿಂತ ಚೆನ್ನಾಗಿ ಮಾತಾಡುತ್ತಾರೆ. ಇಲ್ಲಿಯ ಸಮುದ್ರಕ್ಕೆ ಆಳವಿಲ್ಲ, ನೀರು ಇಳಿದರೆ ಎಲ್ಲೆಂದರಲ್ಲಿ ಮರಳು ತಲೆ ಎತ್ತುತ್ತದೆ. "ನಲವತ್ತು ವರ್ಷದಲ್ಲಿ ಒಮ್ಮೆಯೂ ನನ್ನ ದೋಣಿ ಮರಳು ಮುಟ್ಟಿಲ್ಲ" ಅನ್ನುವುದು ಅವರ ಹೆಮ್ಮೆ.

ಒಮ್ಮೆ ಬೆಂಗಳೂರಿನ ಐಟಿ ತರುಣರೊಬ್ಬರು ಅವರ ಪಕ್ಕದಲ್ಲೇ ಕೂತು ಫೋನಿನ ಮ್ಯಾಪ್ ಹಿಡಿದುಕೊಂಡರು. "ಅಂಕಲ್, ಇಲ್ಲಿ ಲೆಫ್ಟ್ ತಗೊಳ್ಳಿ. ಅಂಕಲ್, ಇದು ಶಾರ್ಟ್ ಕಟ್ ಅಂತ ತೋರಿಸ್ತಿದೆ. ಅಂಕಲ್, ನೀವು ರೂಟ್ ಬಿಟ್ಟಿದ್ದೀರ." ನಾಖುದಾ ಮೂರು ಸಲ ಕೇಳಿಸಿಕೊಂಡರು. ಆಮೇಲೆ ಎಂಜಿನ್ ನಿಲ್ಲಿಸಿ, ಕೈ ಚಾಚಿ ಬಹಳ ಮರ್ಯಾದೆಯಿಂದ ಕೇಳಿದರು:

"ಬೇಟಾ, ನಿನ್ನ ಫೋನು ಒಳ್ಳೆಯದೇ ಇರಬಹುದು. ಅದಕ್ಕೆ ಈಜು ಬರುತ್ತದಾ ನೋಡೋಣ, ಕೊಡು."

ದಡ ಮುಟ್ಟುವವರೆಗೆ ಆ ಫೋನು ಜೇಬಿನಿಂದ ಹೊರಗೆ ಬರಲಿಲ್ಲ.

೫. ಲೈಫ್ ಜಾಕೆಟ್

ಮೂರನೇ ತಿಂಗಳ ಕೊನೆಯ ವಾರ ಗುಂಪಿನಲ್ಲಿ ಒಬ್ಬ ಯುರೋಪಿಯನ್ ಹೆಂಗಸು ಕಂಡರು. ಕೈಯಲ್ಲಿ ಸಣ್ಣ ನೋಟ್‌ಬುಕ್. ಪ್ರತಿ ಅಂಗಡಿಯಲ್ಲೂ ಅಳೆದಂತೆ ಒಂದೇ ತುತ್ತು, ಆಮೇಲೆ ಎರಡು ಸಾಲು ಬರಹ. ಮೇಡಂ ಇವರೇ ಅಂತ ನನಗೆ ಗೊತ್ತಾಗಿಹೋಯಿತು. ಅವರದೇ ನಿಯಮದ ಪ್ರಕಾರ ಒಮ್ಮೆ ಮಾತ್ರ ಕೇಳಿದೆ. "ಇನ್ನೊಂದು?" ಅಂದರೆ "ನೋ, ಥ್ಯಾಂಕ್ ಯೂ." ನಾನು ಮುಂದೆ ನಡೆದೆ. ಎಲ್ಲ ಕರಾರುವಾಕ್ಕು.

ಅದೇ ದಿನ ಈಸಾ ಟೌನಿನ ಅಜ್ಜಿಯೂ ಮಗ ಸೊಸೆಯ ಜೊತೆ ಮತ್ತೆ ಬರಬೇಕೇ! "ಊರಿಗೆ ಹೋಗೋದ್ರೊಳಗೆ ದೋಣಿ ಹತ್ತಲೇಬೇಕು ಅಂತಾರೆ" ಅಂದರು ಮಗ. ನಾನು ಚೀಲ ಬಿಚ್ಚಿಸಿ ನೋಡಿದೆ. ಒಂದು ಶಾಲು, ಒಂದು ಕನ್ನಡಕದ ಡಬ್ಬಿ, ಅಷ್ಟೇ. ಅಜ್ಜಿ ಸೋತರು ಅಂತ ಒಳಗೊಳಗೇ ಖುಷಿಪಟ್ಟೆ. ಲೈಫ್ ಜಾಕೆಟ್ ಹಾಕಿಸುವಾಗ ಮಾತ್ರ ಒಂದು ಸಂಶಯ ಬಂತು. ಸಣಕಲು ಅಜ್ಜಿಗೆ ಜಾಕೆಟ್ಟಿನ ಬೆಲ್ಟು ಸಾಲುತ್ತಿಲ್ಲ!

"ಬಹರೈನ್ ನೀರು ಮೈಗೆ ಹತ್ತಿದೆ ಕಣಮ್ಮ" ಅಂದರು.

ದೋಣಿ ಹೊರಟಿತು. ದೂರದಲ್ಲಿ ಗುಲಾಬಿ ಬಣ್ಣದ ಉದ್ದಕಾಲಿನ ಹಕ್ಕಿಗಳ ಹಿಂಡು ನಿಂತಿತ್ತು. ಮೇಡಂ ಕ್ಯಾಮೆರಾ ತೆಗೆದರು. ಅವರನ್ನು ಮೆಚ್ಚಿಸುವ ಆಸೆ ನನಗೆ. "ಇನ್ನೂ ಹತ್ತಿರ ಹೋಗಿ" ಅಂದೆ.

"ಸಿಸ್ಟರ್, ನೀರು ಇಳಿಯುತ್ತಿದೆ" ಅಂದರು ನಾಖುದಾ.

"ಇಳಿಯಲಿ, ಐದು ನಿಮಿಷ."

"ಹಕ್ಕಿ ನಿಂತಿದೆ ಅಂದರೆ ಅಲ್ಲಿ ನೀರಿಲ್ಲ ಅಂತ ಅರ್ಥ."

"ಸ್ವಲ್ಪ ಹೋಗಿ ಅಂದೆನಲ್ಲ!"

ಹೋದರು. ಅಡಿಯಲ್ಲಿ ಸರ್ರ್ ಅಂತ ಸದ್ದಾಯಿತು, ದೋಣಿ ನಿಂತಿತು. ನಲವತ್ತು ವರ್ಷದ ಹೆಮ್ಮೆ ಮರಳಿನ ಮೇಲೆ ಕೂತಿತ್ತು. ನಾಖುದಾ ನನ್ನನ್ನು ನೋಡಲೇ ಇಲ್ಲ. "ನೀರು ಏರಬೇಕು. ಎರಡು ಗಂಟೆ" ಅಂದು ಟೋಪಿ ಮುಖಕ್ಕೆಳೆದುಕೊಂಡರು.

ನನ್ನ ಚಳಿಗಾಲ ಮುಗಿಯಿತು ಅಂದುಕೊಂಡೆ. ಒಂದು ಗಂಟೆ ಹೋಯಿತು. ಆರು ಅಂಗಡಿಯಲ್ಲಿ ಆರೇ ತುತ್ತು ತಿಂದಿದ್ದ ಮೇಡಂ ಹೊಟ್ಟೆ ಹಿಡಿದುಕೊಂಡು ಕೂತರು. ದೋಣಿಯಲ್ಲಿ ತಿನ್ನಲು ಏನೂ ಇಲ್ಲ. ಇರಬಾರದು ಅಂತ ನಿಯಮ. ಅಜ್ಜಿ ಅವರ ಮುಖವನ್ನೇ ನೋಡುತ್ತಿದ್ದರು.

"ಪಾಪ, ಈ ಮಗು ಹಸಿದುಬಿಟ್ಟಿದೆ" ಅಂದವರೇ ಲೈಫ್ ಜಾಕೆಟ್ಟಿನ ಬೆಲ್ಟು ಬಿಚ್ಚಿದರು. ಒಳಗಿನಿಂದ ಅದೇ ಸ್ಟೀಲ್ ಡಬ್ಬಿ ಹೊರಬಂತು. ಅದರ ಹಿಂದೆ ಇನ್ನೊಂದು!

ಮುಚ್ಚಳ ತೆಗೆದದ್ದೇ ತಡ, ಹುರಿದ ಕಡಲೆಬೀಜ, ಕರಿಬೇವು, ಹುಣಸೆಯ ಗೊಜ್ಜಿನ ಪರಿಮಳ ದೋಣಿ ತುಂಬಿತು. ಮೇಡಂ "ನೋ, ಥ್ಯಾಂಕ್ ಯೂ" ಅಂದರು. ಅಜ್ಜಿ "ತಗೋ ಮಗಳೇ" ಅಂದರು. ಮತ್ತೆ "ನೋ". ಮತ್ತೆ "ತಗೋ". ಮೂರನೆಯ ಸಲಕ್ಕೆ ಅಜ್ಜಿ ಅವರ ಅಂಗೈ ಎಳೆದು ಒಂದು ಹಿಡಿ ಹಾಕಿಯೇ ಬಿಟ್ಟರು. ಆಮೇಲೆ ಮೇಡಂ ತಾವಾಗಿ ಕೈ ಚಾಚಿದ್ದು ನಾಲ್ಕು ಸಲ. ನಾಖುದಾ ಟೋಪಿ ಸರಿಸಿ ಎದ್ದು ಬಂದರು. ಸಾವಿನ ಮನೆಯಂತಿದ್ದ ದೋಣಿ ಮದುವೆ ಮನೆಯಾಯಿತು.

ಅಜ್ಜಿ ನನ್ನ ಕಡೆ ತಿರುಗಿದರು. "ನಿನಗೆ ಹಾಕ್ಲಾ?"

ಹಸಿವಿನಿಂದ ನನ್ನ ಕಣ್ಣು ಕತ್ತಲಿಡುತ್ತಿತ್ತು. ಆದರೂ ಒಂಬತ್ತನೇ ನಿಯಮ, ನನ್ನ ಮರ್ಯಾದೆ! "ಬೇಡ" ಅಂದೆ, ಇನ್ನೆರಡು ಸಲ ಕೇಳುತ್ತಾರೆ ಎಂಬ ಧೈರ್ಯದಲ್ಲಿ.

"ಸರಿ" ಅಂದು ಅಜ್ಜಿ ಕೊನೆಯ ಹಿಡಿಯನ್ನು ನಾಖುದಾಗೆ ಹಾಕಿ ಮುಚ್ಚಳ ಮುಚ್ಚಿದರು. ಸೊಸೆ ನಗು ತಡೆಯಲಾರದೆ ಸಮುದ್ರದ ಕಡೆ ತಿರುಗಿದರು.

ಮೂರು ದಿನದ ಮೇಲೆ ಮ್ಯಾನೇಜರ್ ಫೋನ್ ಮಾಡಿದರು. "ಚಳಿಗಾಲ ಪೂರ್ತಿ ನಿಮಗೇ! ಮೇಡಂ ಬರೆದಿದ್ದಾರೆ: ಮರಳಿನ ಮೇಲೆ ದೋಣಿ ನಿಲ್ಲಿಸಿ, ಹಸಿವು ಹುಟ್ಟಿಸಿ, ಅಜ್ಜಿಯೊಬ್ಬರ ಜಾಕೆಟ್ಟಿನಿಂದ ಪುಳಿಯೋಗರೆ ತೆಗೆಸುವ ಕಲ್ಪನೆ ಯಾವ ಊರಿನಲ್ಲೂ ಕಂಡಿಲ್ಲ. ಇನ್ನು ಮುಂದೆ ಪ್ರತಿ ನಡಿಗೆಯಲ್ಲೂ ಅದು ಇರಬೇಕಂತೆ."

ನಾಖುದಾಗೆ ಹೇಳಿದೆ. ಪಾಪ, ಈಗ ಪ್ರತಿ ವಾರ ಪ್ರಯತ್ನಿಸುತ್ತಾರೆ, ದೋಣಿ ಮರಳಿಗೆ ಸಿಕ್ಕುವುದೇ ಇಲ್ಲ. "ನಲವತ್ತು ವರ್ಷದ ಅಭ್ಯಾಸ, ಬಿಡುವುದು ಕಷ್ಟ" ಅನ್ನುತ್ತಾರೆ.

ನನ್ನ ಕಷ್ಟ ಬೇರೆ. ಕಂಪನಿಯ ಕರಪತ್ರಕ್ಕೆ ಆ ಪುಳಿಯೋಗರೆಯ ರುಚಿಯ ಬಗ್ಗೆ ನಾನೇ ನಾಲ್ಕು ಸಾಲು ಬರೆಯಬೇಕಂತೆ. ಆವತ್ತು ದೋಣಿಯಲ್ಲಿದ್ದವರಲ್ಲಿ ಅದನ್ನು ತಿನ್ನದವಳು ನಾನೊಬ್ಬಳೇ! ತಿನ್ನದೆ ಬರೆಯುವವಳು ನಾನಲ್ಲ. ಎರಡು ದಿನ ಹಠದ ಜೊತೆ ಗುದ್ದಾಡಿ, ಮೂರನೆಯ ದಿನ ಈಸಾ ಟೌನಿಗೆ ಹೋಗಿ ಬಾಗಿಲು ತಟ್ಟಿದೆ.

ಅಜ್ಜಿ ಬಾಗಿಲು ತೆಗೆದರು. ಮೇಲಿಂದ ಕೆಳಗೆ ನೋಡಿದರು. "ಬಾ. ಪುಳಿಯೋಗರೆ ತಿಂತೀಯಾ?"

"ಹಾಕಿ" ಅಂದೆ, ಮಾತು ಮುಗಿಯುವ ಮೊದಲೇ. ನನ್ನ ಜೀವಮಾನದಲ್ಲೇ ಮೊದಲ ಸಲ, ಒಂದೇ ಸಲಕ್ಕೆ.

ಅಜ್ಜಿ ಗಾಬರಿಯಿಂದ ಅಡುಗೆಮನೆಯ ಕಡೆ ಓಡಿದರು. "ಅಯ್ಯೋ, ಒಂದೇ ಸಲಕ್ಕೆ ಒಪ್ಕೊಂಡುಬಿಟ್ಯಲ್ಲೇ! ನಾನಿನ್ನೂ ಅನ್ನಕ್ಕೇ ಇಟ್ಟಿಲ್ಲ. ಮೂರು ಸಲ ಬೇಡ ಅನ್ನೋಷ್ಟರಲ್ಲಿ ಆಗುತ್ತೆ ಅಂದ್ಕೊಂಡಿದ್ದೆ."