ಏಳನೇ ಪ್ಯಾನೆಲ್ ಮೇಲಿನ ಯಜಮಾನರು

ಸೋಲಾರ್ ಕೆಲಸದವನು ಬಿಸಿಲಿಗೆ ಹೆದರಿದರೆ ಸಾಕು ಅಂದುಕೊಂಡಿದ್ದೆ. ಹಾಡುಹಗಲೇ ಮೈ ತಣ್ಣಗಾಗುವ ಪ್ರಸಂಗಗಳೂ ತಾರಸಿ ಮೇಲೆ ನಡೆಯುತ್ತಲೇ ಇರುತ್ತವೆ.

೧. ಡೆನ್ಮಾರ್ಕಿಗೆ ಕಂಡದ್ದು

ಬಾಣಸವಾಡಿಯ ಒಂದು ಮನೆಗೆ ಡೆನ್ಮಾರ್ಕಿನವರ ನೆರವಿನಿಂದ ಹನ್ನೆರಡು ಪ್ಯಾನೆಲ್ ಹಾಕಿದ್ದೆ. ಇವು ಪರೀಕ್ಷೆಯಲ್ಲಿ ಪಾಸಾದರೆ ಪಕ್ಕದ ಶಾಲೆಗೂ ಕೊಡುತ್ತೇವೆ ಎಂದಿದ್ದರು. ಕರೆಂಟು ಹೋದಾಗಲೆಲ್ಲ ಬೇಯುತ್ತಿದ್ದ ಆ ಮಕ್ಕಳಿಗೆ ನಾನು ಆಗಲೇ ಮಾತು ಕೊಟ್ಟುಬಿಟ್ಟಿದ್ದೆ.

ಒಂದು ದಿನ, ಅಲ್ಲೇ ಕೂತು ಕಂಪ್ಯೂಟರಿನಲ್ಲಿ ಒಂದೊಂದು ಪ್ಯಾನೆಲ್‌ನ ಕರೆಂಟನ್ನೂ ನೋಡುವ ಎಂಜಿನಿಯರು ಫೋನ್ ಮಾಡಿ ಇಂಗ್ಲಿಷಿನಲ್ಲಿ ಕೇಳಿದರು: "ದಿನಾ ಹನ್ನೆರಡೂವರೆಗೆ ಏಳನೇ ಪ್ಯಾನೆಲ್ ಮಂಕಾಗುತ್ತೆ. ಯಾರು ಬಂದು ಕೂರ್ತಾರೆ?"

ಹೋಗಿ ನೋಡಿದೆ. ತಾರಸಿಗೆ ಬೀಗ. ತೆಗೆಸಿ ನೋಡಿದರೆ ವೈರೆಲ್ಲ ಸರಿಯಾಗಿತ್ತು. ಮಾರನೇ ದಿನ ವೈರು ನೋಡುವ ನೆಪ ಹೇಳಿ ಬೆಳಿಗ್ಗೆಯೇ ಮೇಲೆ ಹತ್ತಿ ಟ್ಯಾಂಕಿನ ಹಿಂದೆ ಅಡಗಿ ಕೂತೆ. ಸರಿಯಾಗಿ ಹನ್ನೆರಡೂವರೆಗೆ ಮನೆಯೊಡತಿ ಬಂದು, ಏಳನೇ ಪ್ಯಾನೆಲ್ ಮೇಲೆ ಎಲೆ ಹಾಕಿ, ಅನ್ನ ಇಟ್ಟು, "ಬನ್ನಿ, ಆರೋಗುತ್ತೆ" ಎಂದರು. ಎಲ್ಲಿತ್ತೋ, ಒಂದು ಕಾಗೆ ಬಂದು ಕೂತಿತು.

"ಅಮ್ಮಾ, ಪ್ಯಾನೆಲ್ ಮೇಲೆ ಯಾಕಮ್ಮಾ?"

"ನಮ್ಮನೆಯವ್ರು ಕೂತು ಊಟ ಮಾಡ್ತಿದ್ದ ಕಲ್ಲುಬೆಂಚು ಇದ್ರ ಕೆಳಗಿದೆ ಕಣಪ್ಪಾ. ಅವ್ರ ಜಾಗಕ್ಕೆ ಗಾಜು ಮುಚ್ಚಿದೋನು ನೀನು!"

೨. ಕಾರಣ ಬರೆಯಿರಿ

ವರದಿಯಲ್ಲಿ ಕಾರಣ ಬರೆಯಬೇಕಿತ್ತು. ಧೂಳು, ಮರದ ನೆರಳು, ಇತರೆ. 'ಇತರೆ'ಯಲ್ಲಿ 'ಮನೆ ಯಜಮಾನರು' ಎಂದು ಬರೆದೆ. ತಕ್ಷಣ ಫೋನ್ ಬಂತು.

"ಬೇರೆ ಕಡೆ ಕೂರೋಕೆ ಹೇಳಿ."

"ಹೇಗೆ ಹೇಳ್ಲಿ ಸಾರ್? ತೀರ್ಕೊಂಡು ಮೂರು ವರ್ಷ ಆಯ್ತು."

ಅತ್ತ ಕಡೆ ಕೀಬೋರ್ಡು ಟಕಟಕ ಎಂದಿತು. ಆಮೇಲೆ ಮೆಲ್ಲಗೆ ಹೇಳಿದರು: "ಆದ್ರೂ ನಿಮಗಿಂತ ಸರಿಯಾದ ಟೈಮಿಗೆ ಬರ್ತಾರೆ."

೩. ಕೊನೆಯ ಪರೀಕ್ಷೆ

ಪರೀಕ್ಷೆಯ ದಿನ ಅಮ್ಮನ ಕಾಲಿಗೆ ಬೀಳುವುದೊಂದು ಬಾಕಿ. ಮಕ್ಕಳ ಮುಖ ನೋಡಿ ಅವರು ಎಲೆಯನ್ನು ಮೋಟುಗೋಡೆ ಮೇಲಿಡಲು ಒಪ್ಪಿದರು. ಹನ್ನೆರಡೂವರೆ ಆಯಿತು. ಕಾಗೆಯ ಸುಳಿವಿಲ್ಲ. ಗೆದ್ದೆ ಅಂದುಕೊಳ್ಳುವಾಗಲೇ ಫೋನ್ ಬಂತು.

"ಏಳನೇದು ಮಂಕಾಯ್ತು. ಬಂದ್ರು ಅಲ್ವಾ?"

ನೋಡಿದೆ. ಏಳನೇ ಪ್ಯಾನೆಲ್ ಮೇಲೆ ಏನೂ ಇರಲಿಲ್ಲ. ಗಾಜು ಫಳಫಳ ಹೊಳೆಯುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇಲ್ಲ. ನನ್ನ ಮೈ ಜುಮ್ಮೆಂದಿತು. ಅಮ್ಮ ಮಾತ್ರ ತಲೆ ಮೇಲೆ ಸೆರಗು ಹೊದ್ದು, "ಇವತ್ತು ಅವ್ರೇ ಬಂದಿದಾರೆ" ಎಂದು ಎಲೆಯನ್ನು ಏಳನೇ ಪ್ಯಾನೆಲ್‌ಗೇ ತಂದಿಟ್ಟರು.

ಶಾಲೆಯ ಆಸೆ ಬಿಟ್ಟೆ. ಮಕ್ಕಳಿಗೆ ಮುಖ ತೋರಿಸಲಾಗದೆ ಶಾಲೆಯ ಬೀದಿಯನ್ನೇ ಬಿಟ್ಟು ಓಡಾಡಿದೆ. ಆದರೆ ವಾರದೊಳಗೆ ಡೆನ್ಮಾರ್ಕಿನಿಂದ, 'ಉಳಿದ ಹನ್ನೊಂದೂ ಪಾಸು' ಎಂಬ ಒಕ್ಕಣೆಯೊಡನೆ, ಶಾಲೆಯ ತಾರಸಿಗೆ ಪ್ಯಾನೆಲ್ ಜೋಡಿಸುವ ನಕ್ಷೆಯೇ ಬಂತು! ಅದರಲ್ಲಿ ಆರನೇ ಪ್ಯಾನೆಲ್ ಆದಮೇಲೆ ನೇರ ಎಂಟನೆಯದು. ನಡುವೆ ಒಂದು ಜಾಗ ಖಾಲಿ. ತಪ್ಪಾಗಿದೆ ಎಂದು ಫೋನ್ ಮಾಡಿದೆ.

"ತಪ್ಪಲ್ಲ," ಎಂದರು ಎಂಜಿನಿಯರು. "ಪಕ್ಕದ ಮನೆಯವರು ತಾನೆ? ಯಾವತ್ತಾದ್ರೂ ಶಾಲೆ ಕಡೆ ಬಂದ್ರೆ ಕೂರೋಕೆ ಜಾಗ ಬೇಡ್ವಾ?"