ತಿಮ್ಮಪ್ಪಯ್ಯನ ಕಿತ್ತಳೆ ಗಾಜು

ಬಿಟ್ಟಂಗಾಲದ ಕಾಫಿ ತೋಟದ ಆಫೀಸಿನಲ್ಲಿ, ಲೆಕ್ಕ ಬರೆಯುವ ರೈಟರ್ ತಿಮ್ಮಪ್ಪಯ್ಯನ ಮೇಜಿನ ಎದುರಿಗೇ, ಐದನೆಯ ಜಾರ್ಜ್ ದೊರೆಯ ಪಟದ ಪಕ್ಕದಲ್ಲಿ ಒಂದು ಫೋಟೊ ನೇತಾಡುತ್ತಿತ್ತು. ಗುಡ್ಡ, ಗುಡ್ಡದ ಮೇಲೆ ಮುದ್ದು ಮುದ್ದು ಮೋಡ, ಕೆಳಗೆ ‘ತೆಗೆದವರು: ಬೆಳ್ಳಿಯಪ್ಪ’ ಎಂಬ ಬರಹ. ಬೆಳ್ಳಿಯಪ್ಪ ಪಕ್ಕದ ಮೇಜಿನ ರೈಟರ್. ತಿಮ್ಮಪ್ಪಯ್ಯನ ಬಳಿಯೂ ಅವನದರಂಥದೇ ಡಬ್ಬಿ ಕ್ಯಾಮೆರಾ ಇತ್ತು. ಆದರೆ ಅವನು ತೆಗೆದ ಆಕಾಶವೆಲ್ಲ ಸುಣ್ಣ ಬಳಿದ ಗೋಡೆಯಂತೆ ಬರುತ್ತಿತ್ತು. ಆ ಮೋಡ ಕಂಡಾಗಲೆಲ್ಲ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ತೋಟದಲ್ಲೇ ಇದ್ದೂ ಕಾಫಿ ರುಚಿಸುತ್ತಿರಲಿಲ್ಲ.

ಅಂದು ಬೆಳಿಗ್ಗೆ ತೋಟ ಪೂರ್ತಿ ಹೂ ಬಿರಿದು ಬೆಳ್ಳಗಾಗಿತ್ತು. ತೋಟದ ಬಿಳಿ ದೊರೆ ಕುದುರೆಯಿಂದ ಇಳಿಯದೆಯೇ ಕೂಗಿದ: “ಲಂಡನ್ ಕಂಪನಿಗೆ ಹೂವಿನ ಫೋಟೊ ಕಳಿಸಬೇಕು. ಇಬ್ಬರೂ ತೆಗೀರಿ. ಒಳ್ಳೇದು ಲಂಡನ್‌ಗೆ, ಅದರದೇ ಇನ್ನೊಂದು ಪ್ರತಿ ಈ ಗೋಡೆಗೆ!”

ಗೋಡೆ! ತಿಮ್ಮಪ್ಪಯ್ಯ ಸೈಕಲ್ ಹತ್ತಿದವನು ವಿರಾಜಪೇಟೆಯ ಸ್ಟುಡಿಯೊ ಸಾಯಿಬರ ಮುಂದೆಯೇ ಇಳಿದ.

“ಮೋಡ ಬರೋದು ಹೇಗೆ ಸಾಯಿಬರೇ? ಆ ಬೆಳ್ಳಿಯಪ್ಪ ಎಂಥ ಮಾಟ ಮಾಡ್ತಾನೆ?”

“ಮಾಟ ಎಂಥದ್ದು ಸಾಮಿ, ಫಿಲ್ಟರ್!” ಸಾಯಿಬರು ಬಣ್ಣದ ಗಾಜುಗಳನ್ನು ಮುಂದಿಟ್ಟರು. “ಕ್ಯಾಮೆರಾ ಕಣ್ಣಿಗೆ ನೀಲಿಯೂ ಬಿಳಿ, ಮೋಡವೂ ಬಿಳಿ. ತಿಳಿ ಹಳದಿ ಹಾಕಿದ್ರೆ ನೀಲಿ ಸ್ವಲ್ಪ ಕಪ್ಪಾಗಿ ಮೋಡ ಎದ್ದು ಕಾಣ್ತದೆ. ಹಸುರು, ಎಲೆಗಳಿಗೆ. ಕಿತ್ತಳೆ ಹಾಕಿದ್ರೆ ಆಕಾಶ ಕಪ್ಪೇ ಕಪ್ಪು. ಅದಕ್ಕೆ ಬೇರೆ ಫಿಲ್ಮ್ ಬೇಕು, ಕ್ಯಾಮೆರಾ ಅಲ್ಲಾಡಬಾರ್ದು, ರಗಳೆ ಉಂಟು. ಹೊಸಬರಿಗೆ ತಿಳಿ ಹಳದಿ ಸಾಕು.”

“ಬೆಳ್ಳಿಯಪ್ಪ ತಗೊಂಡದ್ದು ಯಾವುದು?”

“ತಿಳಿ ಹಳದಿ.”

“ನನಗೆ ಕಿತ್ತಳೆ ಕೊಡಿ, ಅದರ ಫಿಲ್ಮೂ ಕೊಡಿ.”

ಮರಳಿ ಬಂದಾಗ ಆಫೀಸಿನಲ್ಲಿ ಯಾರೂ ಇರಲಿಲ್ಲ. ಬೆಳ್ಳಿಯಪ್ಪನ ಮೇಜಿನ ಮೇಲೆ ಅವನ ಹಳದಿ ಗಾಜು ಮಿನುಗುತ್ತಿತ್ತು. ತಿಮ್ಮಪ್ಪಯ್ಯ ಆಚೀಚೆ ನೋಡಿ ಅದನ್ನು ಕೋಟಿನ ಜೇಬಿಗೆ ಇಳಿಸಿದ. ಇದು ಕಳ್ಳತನ ಅಲ್ಲ, ನಾಳೆ ಇಟ್ಟುಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡ.

ತೋಟದಲ್ಲಿ, ಕಡಿದ ಮರದ ಬೊಡ್ಡೆಯ ಮೇಲೆ ಕಿತ್ತಳೆ ಗಾಜು ಹಾಕಿದ ಕ್ಯಾಮೆರಾ ಇಟ್ಟು ತಲೆಯೆತ್ತಿದರೆ ಎಲ್ಲೆಲ್ಲೂ ನೀಲಿ.

“ದೇವರೇ, ಒಂದೇ ಒಂದು ಮೋಡ ಕೊಡಪ್ಪಾ!”

ಕಳೆ ಕೀಳುತ್ತಿದ್ದ ಮುತ್ತಿ ಎದ್ದು ನಿಂತಳು. “ಅಯ್ಯಯ್ಯೋ, ಎಂಥ ಬಾಯಿ ನಿಮ್ದು ರೈಟ್ರೇ! ಹೂ ಬಿರಿದ ದಿನ ಮೋಡ ಕೇಳ್ತೀರಲ್ಲ! ಇವತ್ತು ಮಳೆ ಬಿದ್ರೆ ಹೂ ಕೊಳೆತು ಹೋಗ್ತದೆ, ಕಾಯಿ ಎಲ್ಲಿ ಕಟ್ತದೆ?”

“ಫೋಟೊ ವಿಷಯ ನಿನಗೇನು ಗೊತ್ತು? ಸುಮ್ನೆ ಕಳೆ ಕೀಳು!”

ಹದಿನಾರು ವರ್ಷ ತೋಟದ ಹಾಜರಿ ಬರೆದವನಿಗೆ ಅಷ್ಟು ಗೊತ್ತಿರಲಿಲ್ಲವೆ? ಗೊತ್ತಿತ್ತು. ಅವನ ಹೊಟ್ಟೆಕಿಚ್ಚಿಗೆ ಗೊತ್ತಿರಲಿಲ್ಲ, ಅಷ್ಟೆ.

ಮಧ್ಯಾಹ್ನ ಎಲ್ಲಿಂದಲೋ ಎರಡು ಬಿಳಿ ಮೋಡ ತೇಲಿ ಬಂದವು. ತಿಮ್ಮಪ್ಪಯ್ಯ ಉಸಿರು ಬಿಗಿಹಿಡಿದು ಗುಂಡಿ ಒತ್ತುವಷ್ಟರಲ್ಲಿ ಹೂವಿಗೆ ಬಂದ ಜೇನ್ನೊಣವೊಂದು ಅವನ ಮೂಗಿನ ಮೇಲೆ ಕೂತು ಕುಟುಕಿತು. ಬೆಳ್ಳಿಯಪ್ಪನ ಮುಖ ನೆನೆದು ಹಲ್ಲು ಕಚ್ಚಿದ, ಕೈ ಕದಲಿಸಲಿಲ್ಲ.

“ಹೂ ಬಿರಿದ ದಿನ ಮೋಡ ಕೇಳ್ಬಾರ್ದು ಅಂತ ನಾ ಹೇಳ್ಲಿಲ್ವಾ?” ಎಂದಳು ಮುತ್ತಿ.

ಮರುದಿನ ಸಾಯಿಬರು ಇಬ್ಬರ ಫಿಲ್ಮನ್ನೂ ತೊಳೆದು ಪ್ರತಿಗಳನ್ನು ಕಳಿಸಿದರು. ತಿಮ್ಮಪ್ಪಯ್ಯನ ಚಿತ್ರದಲ್ಲಿ ಬೆಳ್ಳನೆಯ ಹೂವು, ಕಗ್ಗಪ್ಪು ಆಕಾಶ, ಉಕ್ಕಿ ಬರುತ್ತಿರುವ ಮೋಡ. ಬೆಳ್ಳಿಯಪ್ಪನದರಲ್ಲಿ ಆಕಾಶ ಬರೀ ಸುಣ್ಣ. ಊದಿದ ಮೂಗಿನ ತಿಮ್ಮಪ್ಪಯ್ಯನಿಗೆ ಮೊದಲ ಸಲ ಅವನ ಮೇಲೆ ಕನಿಕರ ಹುಟ್ಟಿತು.

ದೊರೆ ಮೊದಲು ನೋಡಿದ್ದು ತಿಮ್ಮಪ್ಪಯ್ಯನದು. ಮುಖ ಕೆಂಪೇರಿತು.

“ಏನಿದು? ನನ್ನ ಹೂವಿನ ಮೇಲೆ ಮಳೆಮೋಡ! ಲಂಡನ್ನಿನವರು ನೋಡಿದ್ರೆ ಈ ವರ್ಷದ ಬೆಳೆ ಹೋಯ್ತು ಅಂತಾರೆ!”

“ಅಲ್ಲ ದೊರೆ, ಅದು ನೀಲಿ ಆಕಾಶವೇ. ಗಾಜಿನಿಂದ ಹಾಗೆ...”

“ಲಂಡನ್‌ಗೆ ನಿನ್ನ ಗಾಜು ಕಾಣ್ತದಾ?” ದೊರೆ ಇನ್ನೊಂದನ್ನು ಎತ್ತಿಕೊಂಡ. ಮುಖ ಅರಳಿತು. “ಶಾಬಾಷ್ ಬೆಳ್ಳಿಯಪ್ಪ! ಒಂದು ಮೋಡ ಇಲ್ಲ! ತಿಮ್ಮಪ್ಪಯ್ಯ, ಎದ್ದು ಮೊಳೆ ಹೊಡಿ.”

ತಿಮ್ಮಪ್ಪಯ್ಯ ಸ್ಟೂಲು ಹತ್ತಿ, ತನ್ನ ಮೇಜಿನ ಎದುರಿಗೇ, ಎರಡನೆಯ ಮೊಳೆ ಹೊಡೆದ. ಸ್ಟೂಲು ಹಿಡಿದು ನಿಂತಿದ್ದ ಬೆಳ್ಳಿಯಪ್ಪ ಮೆಲ್ಲಗೆ ಹೇಳಿದ:

“ನಿನ್ನೆ ನನ್ನ ಹಳದಿ ಗಾಜು ಯಾರೋ ಎಗರಿಸಿದ್ರು ಮಾರಾಯ್ರೆ. ಅದಿದ್ದಿದ್ರೆ ನನ್ನದ್ರಲ್ಲೂ ಮೋಡ ಬಂದು ಕೆಡ್ತಿತ್ತು. ಯಾರೇ ಆಗ್ಲಿ, ಕದ್ದವನ ಹೊಟ್ಟೆ ತಣ್ಣಗಿರ್ಲಿ!”